ಡಕಾರ್‌ನಲ್ಲಿ ಕಿತ್ತುಹೋದ ಚಪ್ಪಲಿ

"ಅಮ್ಮಾ, ಈ ಸಲ ಕ್ರಿಸ್‌ಮಸ್ ರಜೆಗೆ ಎಲ್ಲರೂ ಹಡಗಿನಲ್ಲಿ ಹೋಗೋಣ, ನೀನೂ ಬಾ" ಅಂತ ಮಗಳು ಫೋನ್‌ ಮಾಡಿದಾಗ ನಾನು ಜೋಗುಪಾಳ್ಯದ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದೆ. ಅರವತ್ತಾರು ವರ್ಷದಲ್ಲಿ ನನಗೆ ಗೊತ್ತಿದ್ದ ಜಲಯಾನ ಅಂದರೆ ಹಲಸೂರು ಕೆರೆಯಲ್ಲಿ ಯಜಮಾನರ ಜೊತೆ ಒಮ್ಮೆ ದೋಣಿಯಲ್ಲಿ ಸುತ್ತಿದ್ದು. ಅದೂ ನಡುವಿನ ದ್ವೀಪದ ತನಕ ಹೋಗುವಷ್ಟರಲ್ಲಿ ನನಗೆ ತಲೆ ಸುತ್ತು ಬಂದಿತ್ತು.

ಮಗಳು, ಅಳಿಯ ನೆದರ್‌ಲ್ಯಾಂಡ್ಸ್‌ನಲ್ಲಿದ್ದಾರೆ. ಸ್ಪೇನ್‌ಗೆ ಸೇರಿದ ಕ್ಯಾನರಿ ದ್ವೀಪದಿಂದ ಹೊರಟು ಆಫ್ರಿಕಾದ ಪಶ್ಚಿಮ ತೀರದ ಊರುಗಳನ್ನು ಮುಟ್ಟಿ ವಾಪಸ್ ಬರುವ ಹಡಗು ಅದು. ಆಫ್ರಿಕಾ ಅಂದ ಕೂಡಲೇ ಹಳದಿ ಜ್ವರದ ಲಸಿಕೆ ಹಾಕಿಸಲೇಬೇಕು ಅಂದರು. ಅರವತ್ತು ದಾಟಿದವರಿಗೆ ಆ ಲಸಿಕೆಯನ್ನು ಯೋಚಿಸಿಯೇ ಕೊಡುತ್ತಾರಂತೆ. ಡಾಕ್ಟರು ಮೂರು ಸಲ "ಹೋಗಲೇಬೇಕಾ ಅಮ್ಮ?" ಅಂತ ಕೇಳಿದರು. ಪಕ್ಕದ ಮನೆಯಾಕೆಯೂ ಅದನ್ನೇ ಕೇಳಿದರು, ಆದರೆ ಬೇರೆ ಕಾರಣಕ್ಕೆ. "ಅಲ್ಲೆಲ್ಲಾ ಒಬ್ಬೊಬ್ಬರೇ ಇಳೀಬೇಡಿ ಆಂಟಿ, ಬಳೆ ಬಿಚ್ಚಿಟ್ಟು ಹೋಗಿ" ಅಂದರು. ನಾನು ತಲೆಯಾಡಿಸಿ, ನಿಜವಾಗಿಯೂ ಬಳೆ ಬಿಚ್ಚಿ ಬೀರುವಿನಲ್ಲಿಟ್ಟು ಹೋದೆ.

2023ರ ಡಿಸೆಂಬರ್ ಅದು. ಹಡಗು ಅಂದರೆ ನಮ್ಮ ಜೋಗುಪಾಳ್ಯದ ಒಂದು ಗಲ್ಲಿಯನ್ನೇ ಎತ್ತಿ ಮಹಡಿ ಮೇಲೆ ಮಹಡಿ ಜೋಡಿಸಿ ನೀರಿಗೆ ಬಿಟ್ಟ ಹಾಗಿತ್ತು. ಲಿಫ್ಟ್, ಅಂಗಡಿ, ಈಜುಕೊಳ, ದಿನಕ್ಕೆ ಐದು ಸಲ ಊಟ. ನಾನು ಚಟ್ನಿಪುಡಿ ಡಬ್ಬಿ ಬಗಲಿಗಿಟ್ಟುಕೊಂಡೇ ಊಟಕ್ಕೆ ಹೋಗುತ್ತಿದ್ದೆ. ಎರಡು ದಿನ ನೀಲಿ ಬಿಟ್ಟರೆ ಬೇರೇನೂ ಕಾಣಲಿಲ್ಲ. ಮೂರನೇ ದಿನ ಬೆಳಿಗ್ಗೆ ಮೊಮ್ಮಗಳು "ಅಜ್ಜೀ, ಎದ್ದೇಳು, ಸೆನೆಗಲ್ ಬಂತು" ಅಂತ ಎಬ್ಬಿಸಿದಳು. ಕಿಟಕಿಯಾಚೆ ಕ್ರೇನುಗಳು, ಕಂಟೇನರುಗಳು, ಅವುಗಳ ಹಿಂದೆ ಎತ್ತರದ ಕಟ್ಟಡಗಳು. ಅದು ಡಕಾರ್, ಆ ದೇಶದ ರಾಜಧಾನಿ, ಆಫ್ರಿಕಾ ಖಂಡದ ಪಶ್ಚಿಮದ ಮೂಲೆ.

ಬಂದರಿನ ಗೇಟು ದಾಟಿದ ಕೂಡಲೇ ನನ್ನ ಕಣ್ಣಿಗೆ ಬಿದ್ದದ್ದು ಏನು ಗೊತ್ತೇ? ಬಿಳಿ ಬಣ್ಣದ ಟಾಟಾ ಬಸ್ಸು! ಕಂಡಕ್ಟರ್ ಹುಡುಗ ಜನರನ್ನು ಕೂಗಿ ಕೂಗಿ ಹತ್ತಿಸಿಕೊಳ್ಳುತ್ತಿದ್ದ. ಅಲ್ಲಿನ ಜನ ಆ ಬಸ್ಸಿಗೆ 'ಟಾಟಾ' ಅಂತಲೇ ಹೆಸರಿಟ್ಟಿದ್ದಾರಂತೆ. ಅಷ್ಟು ದೂರ ಬಂದು ಹಳೇ ಮದ್ರಾಸ್ ರಸ್ತೆಯಲ್ಲೇ ನಿಂತ ಹಾಗಾಯಿತು.

ಹಡಗು ಸಂಜೆ ಆರಕ್ಕೆ ಹೊರಡುತ್ತದೆ, ಐದರೊಳಗೆ ಹತ್ತಿರಬೇಕು. ಇರುವ ಒಂದು ದಿನದಲ್ಲಿ ಗೋರೇ ದ್ವೀಪ ನೋಡೋಣ ಅಂತ ಅಳಿಯಂದಿರು ತೀರ್ಮಾನಿಸಿದ್ದರು. ಬಂದರಿನ ಪಕ್ಕದಲ್ಲೇ ಲಾಂಚು ಸಿಗುತ್ತದೆ, ಇಪ್ಪತ್ತು ನಿಮಿಷದ ದಾರಿ. ಒಂದು ಕಿಲೋಮೀಟರ್ ಉದ್ದವೂ ಇಲ್ಲದ ಪುಟ್ಟ ದ್ವೀಪ. ಕಾರಿಲ್ಲ, ಸ್ಕೂಟರಿಲ್ಲ. ಮಾಸಿದ ಹಳದಿ, ಕೆಂಪು ಬಣ್ಣದ ಹಳೇ ಮನೆಗಳು, ಗೋಡೆ ತುಂಬ ಬೋಗನ್‌ವಿಲ್ಲಾ. ಚಿತ್ರದ ಹಾಗಿದೆ. ಆದರೆ ಜನ ಅಲ್ಲಿಗೆ ಹೋಗುವುದು ಚೆಂದ ನೋಡುವುದಕ್ಕಲ್ಲ.

ಅಲ್ಲಿ 'ಗುಲಾಮರ ಮನೆ' ಇದೆ. 1776ರಲ್ಲಿ ಕಟ್ಟಿದ ಎರಡಂತಸ್ತಿನ ಮನೆ. ಕುದುರೆ ಲಾಳದ ಹಾಗೆ ಎರಡು ಕಡೆಯಿಂದ ಬಾಗಿ ಏರುವ ಮೆಟ್ಟಿಲು. ಮೇಲೆ ವ್ಯಾಪಾರಿಗಳ ವಾಸ. ಗಾಳಿ ಬೆಳಕಿನ ದೊಡ್ಡ ಕೋಣೆಗಳು. ಕೆಳಗೆ ಕಿಟಕಿಯ ಬದಲು ಬರೀ ಸೀಳಿರುವ ಕತ್ತಲೆ ಗೂಡುಗಳು. ಗಂಡಸರಿಗೆ ಒಂದು, ಹೆಂಗಸರಿಗೆ ಒಂದು, ಮಕ್ಕಳಿಗೆ ಒಂದು. ಎರಡು ಮೆಟ್ಟಿಲುಗಳ ನಡುವೆ ಒಂದು ಓಣಿ, ಅದರ ಕೊನೆಯಲ್ಲಿ ಸಮುದ್ರಕ್ಕೇ ತೆರೆದುಕೊಳ್ಳುವ ಒಂದು ಬಾಗಿಲು. 'ಮರಳಿ ಬರಲಾಗದ ಬಾಗಿಲು' ಅಂತ ಅದಕ್ಕೆ ಹೆಸರು. ನೆಲ್ಸನ್ ಮಂಡೇಲಾ ಇಲ್ಲಿಗೆ ಬಂದಿದ್ದರು, 1992ರಲ್ಲಿ ಪೋಪ್ ಬಂದಿದ್ದರು, 2013ರಲ್ಲಿ ಒಬಾಮಾ ಬಂದು ಈ ಬಾಗಿಲಲ್ಲಿ ನಿಂತಿದ್ದರು. ಈ ಒಂದು ಮನೆಯಿಂದ ಎಷ್ಟು ಜನ ಹೋದರು ಅನ್ನುವುದರಲ್ಲಿ ಇತಿಹಾಸಕಾರರಿಗೆ ಭಿನ್ನಾಭಿಪ್ರಾಯವಿದೆ. ಆದರೆ ಒಟ್ಟಾರೆ ಆಫ್ರಿಕಾದಿಂದ ಅಟ್ಲಾಂಟಿಕ್ ಸಾಗರದಾಚೆಗೆ ಹಡಗು ಹತ್ತಿಸಿದ್ದು ಸುಮಾರು 1 ಕೋಟಿ 25 ಲಕ್ಷ ಜನರನ್ನು. ಅವರಲ್ಲಿ ಲಕ್ಷಾಂತರ ಮಂದಿ ದಾರಿಯಲ್ಲೇ ಸತ್ತರು.

ನನ್ನನ್ನು ಕಾಡಿದ್ದು ಆ ಬಾಗಿಲಿಗಿಂತ ಹೆಚ್ಚಾಗಿ ಆ ಮೆಟ್ಟಿಲು. ಕೆಳಗೆ ಸರಪಳಿ ಸದ್ದು ಕೇಳುತ್ತಿರುವಾಗ ಮೇಲೆ ಕೂತು ಊಟ ಮಾಡುವುದು ಹೇಗೆ ಸಾಧ್ಯವಾಯಿತು? ಅವರೂ ಮನೆ ಮಠ, ಮಕ್ಕಳು ಮರಿ ಇದ್ದವರೇ ತಾನೇ?

"ಅಜ್ಜಿ, ನಮ್ಮ ಇಂಡಿಯಾಗೂ ಕರ್ಕೊಂಡು ಬಂದಿದ್ರಾ?" ಅಂತ ಮೊಮ್ಮಗಳು ಕೇಳಿದಳು. ಅವಳಿಗೆ ಹದಿಮೂರು. ನಾನು ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವಳು, ಬಾಯಿಗೆ ಬಂದದ್ದನ್ನು ಹೇಳಿದೆ. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ನಮ್ಮ ಸಿದ್ದಿಗಳ ಹಿರಿಯರಲ್ಲಿ ಬಹಳಷ್ಟು ಜನ ಆಫ್ರಿಕಾದ ಆಚೆ ಬದಿಯಿಂದ, ಅಂದರೆ ಪೂರ್ವ ತೀರದಿಂದ, ಪೋರ್ಚುಗೀಸರ ಹಡಗಿನಲ್ಲಿ ಗೋವಾಕ್ಕೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಪಾಠ ಚೆನ್ನಾಗಿಯೇ ಒಪ್ಪಿಸಿದೆ.

ಮಗಳು, ಅಳಿಯ ಗುಡ್ಡದ ಮೇಲಿನ ಕೋಟೆ ನೋಡಲು ಹತ್ತಿದರು. ನನ್ನ ಮಂಡಿ ಒಪ್ಪಲಿಲ್ಲ. ಮೊಮ್ಮಗಳು "ನಾನು ಅಜ್ಜಿ ಜೊತೆ ಇರ್ತೀನಿ" ಅಂದಳು. ಇಬ್ಬರೂ ನೆರಳು ಹುಡುಕುತ್ತಾ ಹೊರಟಾಗ ಒಂದು ಮರ ಕಂಡಿತು. ನಾನು ನಿಂತೇಬಿಟ್ಟೆ. ಆನೆ ಕಾಲಿನಂತಹ ದಪ್ಪ ಬೂದು ಬಣ್ಣದ ಕಾಂಡ, ಬೇರೇ ಮೇಲಕ್ಕೆ ಬಂದಂತಹ ಕೊಂಬೆಗಳು. ಇದು ನಮ್ಮ ಸವಣೂರಿನ ಮರವಲ್ಲವೇ! ಯಜಮಾನರ ಊರು ಹಾವೇರಿ ಜಿಲ್ಲೆಯ ಸವಣೂರು. ಮದುವೆಯಾದ ಹೊಸದರಲ್ಲಿ ಅತ್ತೆ ನನ್ನನ್ನು ಕಲ್ಮಠಕ್ಕೆ ಕರೆದುಕೊಂಡು ಹೋಗಿ ಅಲ್ಲಿನ ಮೂರು 'ದೊಡ್ಡ ಹುಣಸೆ' ಮರಗಳಿಗೆ ಕೈ ಮುಗಿಸಿದ್ದರು. ನಮ್ಮವರು ದೊಡ್ಡ ಹುಣಸೆ ಅನ್ನುವುದು ಇಲ್ಲಿನ ಬಾವೊಬಾಬ್. ಸೆನೆಗಲ್‌ಗೆ ಅದು ರಾಷ್ಟ್ರೀಯ ಮರ.

ಮರ ನೋಡುತ್ತಾ ಹೆಜ್ಜೆ ಇಟ್ಟವಳಿಗೆ ಕಲ್ಲು ಕಾಣಲಿಲ್ಲ. ಎಡವಿದೆ. ಬೀಳಲಿಲ್ಲ, ಆದರೆ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿಗಾಲು. ಕುಂಟುತ್ತಾ ಹೋಗಿ ಯಾರದೋ ಮನೆಯ ಹೊಸ್ತಿಲ ಮೇಲೆ ಕೂತೆ.

ಒಳಗಿಂದ ಒಬ್ಬಾಕೆ ಬಂದರು. ಐವತ್ತರ ಆಸುಪಾಸು. ಹೂವಿನ ಚಿತ್ತಾರದ ಉದ್ದ ಗೌನು, ತಲೆಗೆ ಅದೇ ಬಟ್ಟೆಯ ಸುತ್ತು. ನನಗೆ ಗಾಬರಿಯಾಯಿತು. "ಸಾರಿ, ಸಾರಿ" ಅನ್ನುತ್ತಾ ಏಳಲು ಹೋದೆ. ಆಕೆ ನನ್ನ ಭುಜ ಒತ್ತಿ ಕೂರಿಸಿ, ಒಳಗೆ ಹೋಗಿ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದರು. ಆಮೇಲೆ ನೀರು. ಆಮೇಲೆ ನನ್ನ ಚಪ್ಪಲಿಯನ್ನು ಕೈಯಲ್ಲಿ ಎತ್ತಿಕೊಂಡು (ನಾನು ಬೇಡ ಬೇಡ ಅಂದರೂ) ಒಳಗಿದ್ದ ಹುಡುಗನಿಗೆ ಕೊಟ್ಟು ಏನೋ ಹೇಳಿದರು. ಹುಡುಗ ದಬ್ಬಣ, ನೀಲಿ ನೈಲಾನ್ ದಾರ ತಂದು ಹೊಲಿಯಲು ಕೂತ.

ಮೊಮ್ಮಗಳು ಆ ವರ್ಷವಷ್ಟೇ ಶಾಲೆಯಲ್ಲಿ ಫ್ರೆಂಚ್ ಕಲಿಯಲು ಶುರು ಮಾಡಿದ್ದಳು. ಆಕೆ ಮಾತಾಡುವುದು ವೊಲೊಫ್, ಜೊತೆಗೆ ಫ್ರೆಂಚ್. ಮೊಮ್ಮಗಳ ಮುರುಕು ಫ್ರೆಂಚ್, ಮುರುಕು ಕನ್ನಡ ಎರಡೂ ಸೇರಿ ನಮ್ಮ ಮಾತು ಹೇಗೋ ನಡೆಯಿತು. ಆಕೆ ನನ್ನ ಹಣೆ ಬೊಟ್ಟು ತೋರಿಸಿ "ಇಂಡಿಯಾ? ಶಾರುಖ್ ಖಾನ್!" ಅಂದು ನಕ್ಕರು. ಹಿಂದಿ ಸಿನಿಮಾ ಅಂದರೆ ಅಲ್ಲಿನವರಿಗೆ ಬಹಳ ಇಷ್ಟವಂತೆ.

ಆಮೇಲೆ ಕೇಳಿದ್ದು ನನ್ನ ಹೆಸರು. ಹೇಳಿದೆ. ಮನೆತನದ ಹೆಸರೇನು ಅಂದರು. ನಮ್ಮಲ್ಲಿ ಬರೀ ಇನಿಷಿಯಲ್ ಅಂತ ಹೇಗೆ ವಿವರಿಸುವುದು? ಮೊಮ್ಮಗಳು ಏನೋ ತಡವರಿಸಿದಳು. ಆಕೆ ಕ್ಷಣ ಯೋಚಿಸಿ, ಎದೆ ಮುಟ್ಟಿಕೊಂಡು, ತಮ್ಮ ಮನೆತನದ ಹೆಸರನ್ನೇ ನನಗೂ ಕೊಟ್ಟುಬಿಟ್ಟರು. ಮುಂದೆ ಮಾತಿಗೊಮ್ಮೆ ಆ ಹೆಸರಿನಿಂದಲೇ ಕರೆದರು. ಮನೆಯವರು ಹೇಗಿದ್ದಾರೆ, ಮಕ್ಕಳು ಹೇಗಿದ್ದಾರೆ, ಆರೋಗ್ಯ ಹೇಗಿದೆ. ನಮ್ಮ ಹಳ್ಳಿ ಕಡೆ ದಾರಿಯಲ್ಲಿ ಸಿಕ್ಕವರು ದನಕರುಗಳನ್ನೂ ಬಿಡದೆ ವಿಚಾರಿಸುತ್ತಾರಲ್ಲ, ಹಾಗೆ. ಸೆನೆಗಲ್‌ನವರು ಈ ಉಪಚಾರಕ್ಕೆ 'ತೆರಂಗಾ' ಅನ್ನುತ್ತಾರೆ. ಅವರ ಫುಟ್‌ಬಾಲ್ ತಂಡಕ್ಕೂ 'ತೆರಂಗಾದ ಸಿಂಹಗಳು' ಅಂತಲೇ ಹೆಸರು. ನನ್ನ ಕಿವಿಗೆ ಅದು 'ತರಂಗ' ಅಂತಲೇ ಬಿತ್ತು.

ಅಷ್ಟರಲ್ಲಿ ಊಟದ ಹೊತ್ತಾಯಿತು. ದೊಡ್ಡದೊಂದು ಬೋಗುಣಿ ತಂದು ಚಾಪೆಯ ಮೇಲಿಟ್ಟು "ಕಾಯ್ ಲೆಕ್" ಅಂದರು. ಬಾ, ಊಟ ಮಾಡು. ಮನೆಯವರೆಲ್ಲ ಸುತ್ತ ಕೂತು ಅದೇ ಪಾತ್ರೆಯಿಂದ, ಅವರವರ ಮುಂದಿನ ಪಾಲನ್ನು ಅವರವರು ತಿನ್ನುತ್ತಾರೆ. ಕೆಂಪಗಿನ ಅನ್ನ, ಮೇಲೆ ಕ್ಯಾರೆಟ್, ಕೋಸು, ಮರಗೆಣಸು, ನಡುವೆ ಮೀನು. 'ಚೆಬು ಜೆನ್' ಅನ್ನುವ ಈ ಅಡುಗೆಯನ್ನು 2021ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿದೆ. ನಾನು ಬಗ್ಗಿ ನೋಡಿದರೆ ಅದು ನುಚ್ಚಕ್ಕಿ! ನಾವು ಅಗ್ಗ ಅಂತ ದೋಸೆಗೆ, ದನಕ್ಕೆ ಹಾಕುವ ನುಚ್ಚಕ್ಕಿಯೇ ಅಲ್ಲಿ ಹಬ್ಬದ ಊಟ. ಅದರಲ್ಲಿ ಎಷ್ಟೋ ಪಾಲು ಹೋಗುವುದು ನಮ್ಮ ದೇಶದಿಂದ. 2022ರ ಸೆಪ್ಟೆಂಬರಿನಲ್ಲಿ ಭಾರತ ನುಚ್ಚಕ್ಕಿ ರಫ್ತು ನಿಲ್ಲಿಸಿದಾಗ ಅದರ ಬಿಸಿ ತಟ್ಟಿದ್ದು ಇಂತಹ ಅಡುಗೆಮನೆಗಳಿಗೆ.

ನಾನು ಮೀನು ಮುಟ್ಟುವವಳಲ್ಲ. ಹೇಗೆ ಹೇಳಲಿ ಅಂತ ಸಂಕಟ. ಮೊಮ್ಮಗಳು ಹೇಳಿದಳು. ಆಕೆ ಬೇಸರ ಮಾಡಿಕೊಳ್ಳಲಿಲ್ಲ. ಹುರಿದ ಕಡಲೆಕಾಯಿ, ಎರಡು ಬಾಳೆಹಣ್ಣು, ಒಂದು ಲೋಟ ಕೆಂಪು ಶರಬತ್ತು ತಂದಿಟ್ಟರು. ಒಂದು ಗುಟುಕು ಕುಡಿದೆ. ಹುಳಿ ಸಿಹಿ. ಗೊತ್ತಿರುವ ಹುಳಿ! ಅತ್ತೆಯ ಕೈಯ ಪುಂಡಿಪಲ್ಯದ ಹುಳಿ. ನಮ್ಮ ಪುಂಡಿ ಜಾತಿಯದೇ ಗಿಡ. ನಾವು ಎಲೆ ತಿನ್ನುತ್ತೇವೆ, ಅವರು ಕಾಯಿಯ ಸುತ್ತಲಿನ ಕೆಂಪು ದಳ ಒಣಗಿಸಿ, ನೆನೆಸಿ ಶರಬತ್ತು ಮಾಡುತ್ತಾರೆ. 'ಬಿಸ್ಸಾಪ್' ಅಂತ ಹೆಸರು. (ಮೊಮ್ಮಗಳು ಬೋಗುಣಿಯ ಮುಂದೆ ಕೂತು ಮೀನು ತಿಂದಿದ್ದನ್ನು ನಾನು ನೋಡಲಿಲ್ಲ ಅಂತ ಇಟ್ಟುಕೊಳ್ಳಿ.)

"ನಿಮಗೆ ಎಷ್ಟು ಮಕ್ಕಳು?" ಅಂತ ಕೇಳಿದೆ. ಮೂವರು. ಹೊಲಿಯುತ್ತಿದ್ದವನು ಕಿರಿಯ. ಹಿರಿಯ ಮಗ ಎಲ್ಲಿ ಅಂದರೆ ಆಕೆ ಸಮುದ್ರದ ಕಡೆ ಕೈ ತೋರಿಸಿದರು. ಸ್ಪೇನ್‌ನಲ್ಲಿದ್ದಾನೆ. ಹೋದದ್ದು ಮೀನುಗಾರರ ಮರದ ದೋಣಿಯಲ್ಲಿ, ಕ್ಯಾನರಿ ದ್ವೀಪಕ್ಕೆ.

ನನಗೆ ತಟ್ಟನೆ ಹೊಳೆಯಿತು. ನಾವು ಹೊರಟು ಬಂದ ಜಾಗವೇ ಅದು. ನಾವು ಐದು ಹೊತ್ತು ಉಂಡುಕೊಂಡು ಬಂದ ಅದೇ ನೀರಿನ ಮೇಲೆ ಆ ಹುಡುಗರು ಎದುರು ದಿಕ್ಕಿನಲ್ಲಿ ತೆರೆದ ದೋಣಿಯಲ್ಲಿ ದಿನಗಟ್ಟಲೆ ಹೋಗುತ್ತಾರೆ. 2023ರ ಒಂದೇ ವರ್ಷದಲ್ಲಿ ಹಾಗೆ ಸುಮಾರು 40 ಸಾವಿರ ಜನ ಕ್ಯಾನರಿ ದ್ವೀಪಗಳನ್ನು ತಲುಪಿದ್ದರು. ತಲುಪದವರೂ ಇದ್ದಾರೆ.

"ಚೆನ್ನಾಗಿದ್ದಾನಾ?" ಅಂದೆ. ಆಕೆ ಹೇಳಿದ್ದನ್ನು ಮೊಮ್ಮಗಳು ಒಂದೊಂದೇ ಪದ ಹೆಕ್ಕಿ ಕನ್ನಡಕ್ಕೆ ತಂದಳು. "ಅವರ ಮಗಂಗೆ ತೋಟದಲ್ಲಿ ಕೆಲ್ಸ ಇದೆ ಅಂತೆ. ದುಡ್ಡು ಕಳಿಸ್ತಾನಂತೆ. ಆದ್ರೆ ಒಂದೇ ರೂಮಲ್ಲಿ ಎಂಟು ಜನ ಇದಾರಂತೆ. ಬೇರೆ ಮನೆ ಕೇಳಕ್ಕೆ ಹೋದ್ರೆ, ಮನೆ ಖಾಲಿ ಇದ್ರೂ, ಇಲ್ಲ ಅಂತಾರಂತೆ." ಆಮೇಲೆ ನನ್ನ ಕಡೆ ತಿರುಗಿ, "ಯಾಕಜ್ಜೀ? ಖಾಲಿ ಇದ್ರೂ ಯಾಕೆ ಇಲ್ಲ ಅಂತಾರೆ?" ಅಂದಳು.

ನನ್ನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು.

ಓದುಗರಿಗೆ ಇಲ್ಲಿ ಒಂದು ವಿಷಯ ಹೇಳಲೇಬೇಕು. 2016ರ ಮಾತು. ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಮೇಲಿನ ಮನೆ ಖಾಲಿ ಇತ್ತು. ಗೇಟಿಗೆ 'ಟು ಲೆಟ್' ಬೋರ್ಡು ಹಾಕಿದ್ದೆ. ಆ ವರ್ಷದ ಆರಂಭದಲ್ಲಿ ನಮ್ಮ ಬೆಂಗಳೂರಿನಲ್ಲೇ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಹಲ್ಲೆ ಮಾಡಿದ ಸುದ್ದಿ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಓದಿ "ಛೇ, ನಮ್ಮ ಜನಕ್ಕೆ ಏನಾಗಿದೆ" ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡಿದವಳು ನಾನೇ. ಕ್ಲಾಸಿನಲ್ಲಿ ವರ್ಣಭೇದ ನೀತಿ, ಮಂಡೇಲಾ ಅಂತ ಪಾಠ ಮಾಡುತ್ತಿದ್ದವಳೂ ನಾನೇ.

ಜೂನ್ ತಿಂಗಳಲ್ಲಿ ಒಂದು ಸಂಜೆ ಬ್ರೋಕರ್ ಒಬ್ಬ ಹುಡುಗನನ್ನು ಕರೆದುಕೊಂಡು ಬಂದ. ಆಫ್ರಿಕಾದವನು. ಇಲ್ಲೇ ಕಾಲೇಜಿನಲ್ಲಿ ಓದುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಶರ್ಟು. ಗೇಟಿನ ಆಚೆಯೇ ಚಪ್ಪಲಿ ಬಿಟ್ಟು ಕೈ ಮುಗಿದ. "ಮೇಡಂ, ಹತ್ತು ತಿಂಗಳ ಅಡ್ವಾನ್ಸ್ ರೆಡಿ ಇದೆ" ಅಂದ ಬ್ರೋಕರ್. ನಾನು ಆ ಹುಡುಗನ ಮುಖವನ್ನೂ ಸರಿಯಾಗಿ ನೋಡದೆ "ಇಲ್ಲಪ್ಪ, ನಿನ್ನೆ ತಾನೇ ಬೇರೆಯವರಿಗೆ ಮಾತು ಕೊಟ್ಟುಬಿಟ್ಟೆ" ಅಂದೆ. ಹುಡುಗ "ಥ್ಯಾಂಕ್ಯೂ ಮೇಡಂ" ಅಂದು ಹೋದ.

ಬೋರ್ಡು ತೆಗೆಯುವುದನ್ನು ಮರೆತಿದ್ದೆ. ಒಂದು ವಾರದ ಮೇಲೆ ತರಕಾರಿ ತೆಗೆದುಕೊಂಡು ಬರುತ್ತಿದ್ದೆ, ಆ ಹುಡುಗ ನಮ್ಮ ಗೇಟಿನ ಮುಂದೆ ನಿಂತು ಬೋರ್ಡನ್ನೇ ನೋಡುತ್ತಿದ್ದ. ನಾನು ಬಂದದ್ದು ಕಂಡಿತು. ಏನೂ ಅನ್ನಲಿಲ್ಲ. ತಲೆ ಬಗ್ಗಿಸಿ ಮೆಟ್ರೋ ಸ್ಟೇಷನ್ ಕಡೆ ನಡೆದುಹೋದ. ಅಕ್ಕಪಕ್ಕದವರು ಏನಂತಾರೋ, ಒಂಟಿ ಹೆಂಗಸು ನಾನು ಅಂತೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅಕ್ಕಪಕ್ಕದವರನ್ನು ನಾನು ಕೇಳಿಯೂ ಇರಲಿಲ್ಲ.

"ಅಜ್ಜೀ, ಯಾಕೆ?" ಅಂತ ಮತ್ತೆ ಕೇಳಿದಳು ಮೊಮ್ಮಗಳು. "ಆಮೇಲೆ ಹೇಳ್ತೀನಿ ಪುಟ್ಟಿ" ಅಂದೆ.

ಹುಡುಗ ಚಪ್ಪಲಿ ತಂದು ಕಾಲ ಬಳಿ ಇಟ್ಟ. ನೀಲಿ ದಾರದ ಗಟ್ಟಿ ಹೊಲಿಗೆ. ದುಡ್ಡು ಕೊಡಲು ಹೋದೆ, ಆಕೆ ನನ್ನ ಪರ್ಸನ್ನು ಮುಚ್ಚಿ ವಾಪಸ್ ಕೈಗಿಟ್ಟರು. ಬ್ಯಾಗಿನಲ್ಲಿದ್ದ ಚಟ್ನಿಪುಡಿ ಡಬ್ಬಿಯನ್ನೇ ಕೊಟ್ಟು ಬಂದೆ. ಮೂಸಿ ನೋಡಿ ಕೆಮ್ಮಿ ನಕ್ಕರು. "ಜೆರೆಜೆಫ್" ಅಂತ ಅವರ ಭಾಷೆಯ ಧನ್ಯವಾದವನ್ನು ಅವರಿಂದಲೇ ಕಲಿತು ಅವರಿಗೇ ಹೇಳಿದೆ.

ಸಂಜೆ ಹಡಗು ಬಿಟ್ಟಾಗ ಡೆಕ್ಕಿನ ಮೇಲೆ ನಿಂತು ಗೋರೇ ಸಣ್ಣದಾಗುವುದನ್ನು ನೋಡಿದೆವು. ಆಗ ಮೊಮ್ಮಗಳಿಗೆ ಎಲ್ಲ ಹೇಳಿದೆ. ಬಿಳಿ ಶರ್ಟು, ಬೋರ್ಡು, ಸುಳ್ಳು, ಏನನ್ನೂ ಬಿಡಲಿಲ್ಲ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಅವನ ಹೆಸರೇನು ಅಜ್ಜಿ?" ಅಂದಳು.

"ಕೇಳಲಿಲ್ಲ ಪುಟ್ಟಿ."

ಅದಕ್ಕೆ ಅವಳು ಏನೂ ಅನ್ನಲಿಲ್ಲ. ನನ್ನ ಕೈ ಹಿಡಿದುಕೊಂಡಳು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಗುಲಾಮರ ಮನೆಗೂ ನನ್ನ ಮೇಲ್ಮನೆಗೂ ಹೋಲಿಕೆ ಮಾಡುವಷ್ಟು ಮೂರ್ಖಳಲ್ಲ ನಾನು. ಅಲ್ಲಿ ನಡೆದದ್ದು ಬೇರೆಯೇ. ಆದರೆ ಮೇಲೆ ಕೂತು ಊಟ ಮಾಡಿದವರು ಹೇಗೆ ಮಾಡಿದರು ಅಂತ ಬೆಳಿಗ್ಗೆ ನನಗೆ ಅರ್ಥವಾಗದಿದ್ದದ್ದು ಸಂಜೆಗೆ ಸ್ವಲ್ಪ ಅರ್ಥವಾಯಿತು. ಮುಖ ನೋಡದಿದ್ದರೆ, ಹೆಸರು ಕೇಳದಿದ್ದರೆ, ಎಲ್ಲವೂ ಸುಲಭ. ನನ್ನ ಹತ್ತಿರ ಹೆಸರೂ ಇರಲಿಲ್ಲ, ವಿಳಾಸವೂ ಇರಲಿಲ್ಲ. ಕ್ಷಮೆ ಕೇಳುವುದಕ್ಕೂ ಆ ಹುಡುಗನನ್ನು ಹುಡುಕಲಾರೆ. ಓದು ಮುಗಿಸಿ ಊರಿಗೆ ಹೋಗಿರಬಹುದು. ಅವನ ತಾಯಿ ಬೆಂಗಳೂರು ಹೇಗಿತ್ತು ಅಂತ ಕೇಳಿದಾಗ ಏನು ಹೇಳಿದನೋ.

ಕಳೆದ ವರ್ಷ ಮೇ ತಿಂಗಳಲ್ಲಿ ಮೇಲಿನ ಮನೆ ಮತ್ತೆ ಖಾಲಿಯಾಯಿತು. ಬ್ರೋಕರ್‌ಗೆ ಫೋನ್ ಮಾಡಿದೆ. "ಮೇಡಂ, ಫ್ಯಾಮಿಲಿಗೆ ಮಾತ್ರ ತಾನೇ? ವೆಜ್ ತಾನೇ?" ಅಂತ ಹಳೇ ಪಟ್ಟಿ ಒಪ್ಪಿಸಿದ. "ಅದೆಲ್ಲ ಏನೂ ಇಲ್ಲಪ್ಪ. ಬಾಡಿಗೆ ಸರಿಯಾಗಿ ಕೊಡೋರು, ನೀರು ಪೋಲು ಮಾಡದೋರು. ಯಾವ ಊರೋರಾದ್ರೂ, ಯಾವ ದೇಶದೋರಾದ್ರೂ ಕರ್ಕೊಂಡು ಬಾ" ಅಂದೆ. ಅವನು "ನೋಡಿ ಮೇಡಂ, ಆಮೇಲೆ ಬೇಡ ಅನ್ಬಾರ್ದು" ಅಂತ ಎರಡು ಸಲ ಖಚಿತ ಮಾಡಿಕೊಂಡ. ಪಕ್ಕದ ಮನೆಯಾಕೆ ಕಾಂಪೌಂಡ್ ಆಚೆಯಿಂದ ಕೇಳಿಸಿಕೊಂಡರು. ಕೇಳಿಸಿಕೊಳ್ಳಲಿ ಅಂತಲೇ ಜೋರಾಗಿ ಹೇಳಿದ್ದೆ.

ಆಫ್ರಿಕಾದವರು ಯಾರೂ ಬರಲಿಲ್ಲ. ಕಥೆಯಾಗಿದ್ದರೆ ಬರುತ್ತಿದ್ದರೇನೋ. ಬಂದವರು ಇಬ್ಬರು ಹುಡುಗಿಯರು. ಮಣಿಪುರದ ಕಡೆಯವರು, ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಆರು ಮನೆ ನೋಡಿ, ಆರೂ ಕಡೆ ಇಲ್ಲ ಅನ್ನಿಸಿಕೊಂಡು ಬಂದಿದ್ದರು. ಗೇಟಿನ ಆಚೆಯೇ ನಿಂತರು. ನಾನು ನೀಲಿ ದಾರ ಹೊಲಿದ ಚಪ್ಪಲಿ ಮೆಟ್ಟಿಕೊಂಡು ಹೋಗಿ ಗೇಟು ತೆಗೆದೆ. ಬಾಡಿಗೆ, ಅಡ್ವಾನ್ಸ್, ನೀರಿನ ಬಿಲ್ಲು ಇವೆಲ್ಲ ಆಮೇಲೆ.

"ಒಳಗೆ ಬನ್ನಿ. ನಿಮ್ಮ ಹೆಸರೇನಮ್ಮ?" ಅಂದೆ.